ನೀರು ತಲುಪಿದ ಹೊತ್ತು

ಹೊಸದಾಗಿ ಕಟ್ಟುವ ಪ್ರತಿಯೊಂದು ಮನೆಗೂ ಪುರಸಭೆ ಶುಲ್ಕ ಹಾಕಲಿದೆ ಎಂಬ ಸುದ್ದಿಯನ್ನು ಮನೆಗೆ ತಂದವಳು ಸೊಸೆ. ಅವಳು ಟೀಚರು. ಶಾಲೆಯ ಗೇಟಿಗೆ ಅಂಟಿಸಿದ್ದ ನೋಟೀಸಿನ ಫೋಟೋ ತೆಗೆದುಕೊಂಡು ಬಂದವಳು, ಹೆಗಲ ಬ್ಯಾಗು ಇಳಿಸುವ ಮೊದಲೇ ಫೋನನ್ನು ಊಟದ ಮೇಜಿನ ಮೇಲೆ ಗಂಡನ ಕಡೆಗೆ ತಳ್ಳಿದಳು.

"ಓದಿಬಿಡಿ. ಆಮೇಲೆ ನಾನು ಹೇಳ್ಲಿಲ್ಲ ಅನ್ಬೇಡಿ."

ಗಂಡ ಮನೆ ಕಟ್ಟಿ ಮಾರುವವನು. ಗಾರೆ ಕೆಲಸದಿಂದ ಶುರುಮಾಡಿ ಮೇಲೆ ಬಂದವನಾದ್ದರಿಂದ ಊರೆಲ್ಲ ಈಗಲೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಅವನು ಎರಡು ಸಲ ಓದಿದ. ನೀರಿನ ಪೈಪು, ಚರಂಡಿ, ರಸ್ತೆ, ಶಾಲೆ ಇವುಗಳ ಮೇಲೆ ಹೊಸ ಮನೆಗಳಿಂದ ಬೀಳುವ ಹೊರೆಯಲ್ಲಿ ಒಂದು ಪಾಲನ್ನು ಆ ಮನೆಗಳೇ ಹೊರಬೇಕು, ಮುಂದಿನ ತಿಂಗಳು ಹನ್ನೆರಡಕ್ಕೆ ಸಭಾಂಗಣದಲ್ಲಿ ಜನರ ಅಹವಾಲು ಕೇಳಲಾಗುವುದು ಎಂದು ಅದರಲ್ಲಿತ್ತು.

"ಒಂದು ಮನೆಗೆ ಇಷ್ಟಾ? ಯಾರು ಕೊಡ್ತಾರೆ ಇದನ್ನ?"

"ನೀವು."

"ನಾನೆಲ್ಲಿಂದ ಕೊಡ್ಲಿ? ಬೆಲೆಗೆ ಸೇರಿಸ್ತೀನಿ. ಮನೆ ತಗೊಳ್ಳೋರು ಕೊಡ್ತಾರೆ. ಅಂದ್ರೆ ನನ್ನ ತಂಗಿ ಕೊಡ್ತಾಳೆ."

ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅಮ್ಮ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. "ಅವಳ ತಲೆ ಮೇಲೆ ಯಾಕೋ ಬೀಳುತ್ತೆ?"

ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ಬಸ್ ಡ್ರೈವರು. ಅವರಿದ್ದ ಬಾಡಿಗೆ ಮನೆಯ ಮಾಲೀಕ ಎರಡು ತಿಂಗಳೊಳಗೆ ಖಾಲಿ ಮಾಡಿ ಎಂದಿದ್ದ. ಅಣ್ಣ ಕಟ್ಟಲು ಹೊರಟಿದ್ದ ಮನೆಗಳ ಹೊಸ ಸಾಲಿನಲ್ಲಿ ಅವಳು ಒಂದು ಮನೆಗೆ ಮಾತು ಕೊಟ್ಟಿದ್ದಳು. ಆ ಸಾಲಿಗೆ ಇನ್ನೂ ಪಾಯ ತೋಡಿದ್ದಷ್ಟೇ, ಪುರಸಭೆಯ ಪರವಾನಗಿ ಬಂದಿರಲಿಲ್ಲ. ನೋಟೀಸಿನಲ್ಲಿದ್ದ ಶುಲ್ಕ ಅವಳ ಎಂಟು ತಿಂಗಳ ಸಂಬಳ.

ಮೇಜಿನ ಇನ್ನೊಂದು ತುದಿಯಲ್ಲಿ ಅಪ್ಪ ತಲೆ ಎತ್ತದೆ ಊಟ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಪುರಸಭೆಯ ನೀರುಗಂಟಿಯಾಗಿದ್ದವರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದು ಅವರ ಕೈಯಲ್ಲಿತ್ತು. ನೆಲದೊಳಗಿನ ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಅವರು ನಡೆದುಹೋಗುವುದನ್ನು ನೋಡಿ ಜನ ಬಿಂದಿಗೆ ಹುಡುಕುತ್ತಿದ್ದರು.

"ಮಾವ, ನೀವೇನಂತೀರಾ?" ಸೊಸೆ ಕೇಳಿದಳು. "ಈ ಊರಿನ ಪೈಪು ನಿಮಗೆ ಗೊತ್ತಿರೋ ಹಾಗೆ ಯಾರಿಗೂ ಗೊತ್ತಿಲ್ಲ."

"ನನಗೆ ರಿಟೈರಾಯ್ತಮ್ಮ."

ಅಷ್ಟು ಹೇಳಿ ಅವರು ತಟ್ಟೆ ತೊಳೆಯಲು ಎದ್ದರು. ಕೆಲಸ ಬಿಟ್ಟ ಮೇಲೆ ಅವರ ಮಾತು ಕಡಿಮೆಯಾಗಿತ್ತು. ಇನ್ನೊಂದು ಅಭ್ಯಾಸವೂ ಬೆಳೆದಿತ್ತು. ಬೆಳಿಗ್ಗೆ ನೀರು ಬರುವ ಮೊದಲು ನಲ್ಲಿಯಿಂದ ಗಾಳಿ ಬುಸುಗುಟ್ಟುತ್ತದಲ್ಲ, ಆ ಸದ್ದು ಶುರುವಾದ ಕೂಡಲೇ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ಬರುವುದು ಒಂದು ಗಂಟೆ ಕಳೆದು. ವಾಕಿಂಗ್ ಒಳ್ಳೆಯದೇ ಎಂದು ಮನೆಯವರು ಸುಮ್ಮನಿದ್ದರು. ನೀರು ಹಿಡಿಯುವ ಕೆಲಸ ಮಾತ್ರ ಅಮ್ಮನ ಪಾಲಿಗೆ ಬಂತು. "ಊರಿಗೆಲ್ಲ ನೀರು ಬಿಟ್ಟವರು, ಮನೇಲಿ ಒಂದು ಬಕೆಟ್ ಎತ್ತಲ್ಲ" ಎಂದು ಅವಳು ಗೊಣಗುತ್ತಿದ್ದಳು.

ಭಾನುವಾರ ಮಗಳು ಊಟಕ್ಕೆ ಬಂದಳು. ಗಂಡನಿಗೆ ಡ್ಯೂಟಿ ಇತ್ತು, ಮಕ್ಕಳಿಬ್ಬರೂ ಹೊರಗೆ ಆಡುತ್ತಿದ್ದರು. ಕೈ ತೊಳೆದು ಕೂರುವಷ್ಟರಲ್ಲಿ ಮಾತು ಅಲ್ಲಿಗೇ ಬಂತು.

"ಈ ಬೀದಿಗೆ ಪೈಪು ಹಾಕಿದಾಗ ನೀವೆಷ್ಟು ಕೊಟ್ರಿ ಅಮ್ಮ?"

"ನಾವೇನು ಕೊಟ್ವಿ? ಊರೆಲ್ಲ ಕಟ್ಟಿದ ತೆರಿಗೇಲಿ ಹಾಕಿದ್ರು."

"ಹಾಗಾದ್ರೆ ನಾವು ಈ ಊರಿನವರಲ್ವಾ?"

"ಅದನ್ನೇ ನಾನೂ ಕೇಳೋದು" ಎಂದ ಮೇಸ್ತ್ರಿ. "ಮೊದಲು ಬಂದು ಕೂತವರು ಪುಕ್ಕಟೆ. ಬಾಗಿಲಲ್ಲಿ ನಿಂತವರಿಗೆ ಟಿಕೆಟ್."

ಸೊಸೆ ಬಡಿಸುವುದನ್ನು ನಿಲ್ಲಿಸಿದಳು. "ನನ್ನ ಕ್ಲಾಸಲ್ಲಿ ಅರವತ್ತೆರಡು ಮಕ್ಕಳು. ನೀವು ಕಟ್ಟಿದ ಸಾಲುಗಳಿಂದ ಬರೋ ಮಕ್ಕಳಿಗೆ ಬೆಂಚಿಲ್ಲ, ಕಾರಿಡಾರಲ್ಲಿ ಚಾಪೆ ಹಾಕಿ ಕೂರಿಸ್ತೀನಿ. ಆ ಕಾರಿಡಾರ್ ಕೋಣೆ ಆಗೋದು ಯಾವಾಗ? ಮನೆ ಮಾರಿ ನೀವು ಮುಂದಿನ ಸೈಟಿಗೆ ಹೋಗ್ತೀರಿ. ಮಕ್ಕಳು ಚಾಪೆ ಮೇಲೇ ಇರ್ತಾವೆ."

"ನನ್ನ ಮಕ್ಕಳು ಈಗಲೂ ನಿಮ್ಮ ಸ್ಕೂಲಲ್ಲೇ ಇದಾರೆ ಅತ್ತಿಗೆ" ಎಂದಳು ಮಗಳು. "ಬಾಡಿಗೆ ಮನೇಲಿದ್ರೂ ಅಷ್ಟೇ ಜಾಗ ಹಿಡೀತಾರೆ. ಸ್ವಂತ ಮನೆ ಆದ ಕೂಡ್ಲೇ ದಪ್ಪ ಆಗ್ತಾರಾ?"

"ನಿನ್ನ ಮೇಲೆ ಹೇಳಿದ್ದಲ್ಲ ನಾನು."

"ಬೀಳೋದು ನನ್ನ ಮೇಲೇ ತಾನೆ."

"ಮೊದ್ಲು ಅನ್ನ ಹಾಕ್ಕೊಳ್ರಿ" ಎಂದಳು ಅಮ್ಮ. "ಊಟಕ್ಕೆ ಇನ್ನೂ ಶುಲ್ಕ ಹಾಕಿಲ್ಲ ಪುರಸಭೆಯವರು."

ಸ್ವಲ್ಪ ಹೊತ್ತು ಎಲ್ಲರೂ ಉಂಡರು. ಮೇಸ್ತ್ರಿ ತಂಗಿಯ ಮುಖ ನೋಡದೆ ಹೇಳಿದ: "ಇನ್ನೊಂದು ದಾರಿ ಇದೆ. ಮೊದಲನೇ ಸಾಲಲ್ಲಿ ನಾಲ್ಕನೇ ನಂಬರು ಖಾಲಿ ಬಿದ್ದಿದೆ. ಕಟ್ಟಿ ಮುಗಿದಿರೋ ಮನೆ, ಅದಕ್ಕೆ ಶುಲ್ಕ ತಗಲಲ್ಲ. ಬೆಲೆ ನೀನು ಹೇಳಿದ್ದೇ."

ಮೊದಲನೇ ಸಾಲು ಅವನು ಸ್ವಂತವಾಗಿ ಕಟ್ಟಿದ ಮೊದಲ ಎಂಟು ಮನೆಗಳು. ಏಳನ್ನು ಮಾರಿ, ನಾಲ್ಕನೆಯದನ್ನು ಉಳಿಸಿಕೊಂಡು ಒಬ್ಬ ಟೈಲರಮ್ಮನಿಗೆ ಬಾಡಿಗೆಗೆ ಕೊಟ್ಟಿದ್ದ. ಮೂರು ವರ್ಷದ ಹಿಂದೆ ಒಂದು ಸಂಜೆ ವೈರು ಸುಟ್ಟು ಬಟ್ಟೆಯ ರಾಶಿಗೆ ಬೆಂಕಿ ಹತ್ತಿತು. ಹಿಂದಿನ ಕೋಣೆಯಲ್ಲಿದ್ದ ಅವಳು ಹೊಗೆಗೆ ಸಿಕ್ಕಿ ತೀರಿಕೊಂಡಳು. ಆಮೇಲೆ ಮೇಸ್ತ್ರಿ ಆ ಮನೆಗೆ ಹೊಸ ಗಾರೆ, ಹೊಸ ಬಾಗಿಲು ಎಲ್ಲ ಮಾಡಿಸಿದ. ಯಾರೂ ಬಂದಿರಲಿಲ್ಲ.

"ಆ ಮನೆ ಬೇಡ" ಎಂದರು ಅಪ್ಪ.

"ಯಾಕಪ್ಪ?"

"ಬೇಡ ಅಂದ್ರೆ ಬೇಡ."

"ನೀವೂ ದೆವ್ವಗಿವ್ವ ಅಂತೀರಾ? ಇವಳು ಎರಡು ತಿಂಗಳಲ್ಲಿ ಬೀದಿಗೆ ಬೀಳ್ತಾಳೆ. ಆಗ ಏನಂತೀರಿ?"

"ದೆವ್ವ ಆಗಿದ್ರೆ ಯಾರಾದ್ರೂ ಬಿಡಿಸೋರು" ಎಂದರು ಅಪ್ಪ. ಅರ್ಧ ಊಟ ಬಿಟ್ಟು ಎದ್ದು ಹೋದರು.

"ನಿಮ್ಮಪ್ಪ ತಟ್ಟೇಲಿ ಅನ್ನ ಬಿಟ್ಟಿದ್ದು ನಾನು ನೋಡೇ ಇಲ್ಲ" ಎಂದಳು ಅಮ್ಮ.

ಮುಂದಿನ ಬುಧವಾರ ಮಗಳಿಗೆ ರಜೆ. ಅಪ್ಪನಿಗೆ ಹೇಳದೆ ಅವಳು ಅಮ್ಮನನ್ನು ಕರೆದುಕೊಂಡು ಮನೆ ನೋಡಲು ಹೋದಳು. ಬೀಗ ತೆಗೆದ ಮೇಸ್ತ್ರಿ ಒಳಗೆ ಬರಲಿಲ್ಲ, ಫೋನು ಬಂತೆಂದು ಹೊರಗೇ ನಿಂತ.

ಮನೆ ಚೊಕ್ಕಟವಾಗಿತ್ತು. ಎರಡು ಕೋಣೆ, ಒಂದು ಹಜಾರ, ಅಡುಗೆಮನೆಗೆ ಒಳ್ಳೆ ಬೆಳಕು. ಹಿಂದಿನ ಕೋಣೆಯ ಚಾವಣಿಯಲ್ಲಿ ಮಾತ್ರ ಬಿಳಿ ಬಣ್ಣದ ಅಡಿಯಿಂದ ಚಹಾದ ಬಣ್ಣದ ಒಂದು ಕಲೆ ಹರಡಿತ್ತು. ಅದು ಬಾಗಿಲಿನ ಕಡೆಗೆ ಉದ್ದವಾಗಿ ಚಾಚಿಕೊಂಡಿತ್ತು, ಹೊಗೆ ದಾರಿ ಹುಡುಕಿಕೊಂಡು ಹೋದ ಹಾಗೆ.

"ಅಣ್ಣ, ಇದೇನು?"

"ಮೂರು ಸಲ ಬಣ್ಣ ಹೊಡೆಸಿದೀನಿ" ಎಂದು ಹೊರಗಿನಿಂದಲೇ ಹೇಳಿದ ಮೇಸ್ತ್ರಿ. "ಮಸಿ ಮತ್ತೆ ಮೇಲೆ ಬರುತ್ತೆ."

ಮಗಳು ಕಿಟಕಿ ತೆಗೆದಳು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತಾ ಇವರನ್ನೇ ನೋಡುತ್ತಿದ್ದಳು. ಅವಳ ಬಾಗಿಲ ಮುಂದೆ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು, ಕುತ್ತಿಗೆಯವರೆಗೂ ನೀರು. ಅದರಾಚೆಯ ಮನೆಯ ಮುಂದೆಯೂ ಹಾಗೇ. ಬೀದಿಯ ಕೊನೆಯವರೆಗೂ ಪ್ರತಿ ಮನೆಯ ಮುಂದೆ ಡ್ರಮ್ಮುಗಳು.

"ಇಲ್ಲಿ ನೀರು ದಿನಾ ಬರಲ್ವಾ?" ಎಂದು ಮಗಳು ಕೇಳಿದಳು.

"ಬರುತ್ತೆ. ಒಂದು ಗಂಟೆ."

"ಮತ್ತೆ ಇಷ್ಟೊಂದು?"

"ಇದನ್ನ ಖರ್ಚು ಮಾಡಲ್ಲ ನಾವು" ಎಂದಳು ಆ ಹೆಂಗಸು. "ಇರ್ಲಿ ಅಂತ. ಆವತ್ತಿಂದ ಎಲ್ಲರೂ ಹೀಗೇ." ಆಮೇಲೆ ಅಮ್ಮನನ್ನು ಗುರುತು ಹಿಡಿದಳು. "ನೀವು ನೀರುಗಂಟಿ ಮನೆಯವರಲ್ವಾ? ನಿಮ್ಮ ಯಜಮಾನ್ರು ದಿನಾ ಬೆಳಿಗ್ಗೆ ಬರ್ತಾರಲ್ಲ. ಮೂಲೇಲಿ ನಿಂತಿರ್ತಾರೆ. ಚಹಾ ಕುಡೀರಿ ಅಂದ್ರೂ ಬರಲ್ಲ."

ಮೂಲೆಯಲ್ಲಿ, ಬೆಂಕಿ ಬಿದ್ದಾಗ ನೀರು ಎಳೆಯಲೆಂದು ಪುರಸಭೆ ನೆಟ್ಟಿದ್ದ ಮೊಣಕಾಲೆತ್ತರದ ಕೆಂಪು ನಲ್ಲಿಯಿತ್ತು. ಅಮ್ಮ ಅದನ್ನು ನೋಡುತ್ತಾ ನಿಂತಳು. ಮನೆಯಿಂದ ಅಲ್ಲಿಗೆ ನಡೆದರೆ ಇಪ್ಪತ್ತೈದು ನಿಮಿಷದ ದಾರಿ, ಏರು ಬೇರೆ.

ಸಂಜೆ ಅಪ್ಪ ಹಿತ್ತಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು. ಅಮ್ಮ ಎದುರಿಗೆ ಮಣೆ ಹಾಕಿಕೊಂಡು ಕೂತಳು.

"ಆ ಸಾಲಿಗೆ ಯಾಕೆ ಹೋಗ್ತೀರಿ?"

ಅಪ್ಪ ಒಂದು ಆಲೂಗಡ್ಡೆ ಪೂರ್ತಿ ಸುಲಿದರು.

"ಮದುವೆಯಾಗಿ ನಲವತ್ತು ವರ್ಷ. ನನಗೂ ಹೇಳಲ್ವಾ?"

"ಇದನ್ನ ಎರಡು ಸಲ ಹೇಳೋ ಶಕ್ತಿ ಇಲ್ಲ ನನಗೆ. ಎಲ್ಲರೂ ಇರೋ ಕಡೆ ಒಂದೇ ಸಲ ಹೇಳ್ತೀನಿ. ಹನ್ನೆರಡನೇ ತಾರೀಕಿಗೆ ನನ್ನ ಬಿಳಿ ಶರ್ಟು ಇಸ್ತ್ರಿ ಮಾಡಿಡು."

ಅಮ್ಮ ಇದನ್ನು ಮಗನಿಗೆ ಹೇಳಿದಾಗ ಅವನಿಗೆ ಸಂತೋಷವೇ ಆಯಿತು. ಮೂವತ್ತೊಂದು ವರ್ಷದ ನೀರುಗಂಟಿ ನಮ್ಮ ಕಡೆ ನಿಂತರೆ ತೂಕ ಬೇರೆ ಎಂದು ಅವನು ಮನೆ ಕಟ್ಟಿಸುವ ಇನ್ನಿಬ್ಬರಿಗೆ ಫೋನು ಮಾಡಿದ.

ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಂದೆ ಉದ್ದನೆಯ ಮೇಜಿನ ಹಿಂದೆ ಅಧ್ಯಕ್ಷೆ, ಸದಸ್ಯರು, ಒಬ್ಬ ಇಂಜಿನಿಯರು. ಮೊದಲು ಮಾತಾಡಿದ ಮೇಸ್ತ್ರಿ ಚೆನ್ನಾಗಿಯೇ ಮಾತಾಡಿದ. ಮನೆಯಿಲ್ಲದವರ ಮೇಲೆ ಯಾಕೆ ಹಾಕ್ತೀರಿ, ಮನೆಯಿರುವ ನಮ್ಮೆಲ್ಲರ ತೆರಿಗೆ ಸ್ವಲ್ಪ ಏರಿಸಿ, ಪೈಪು ಎಲ್ಲರದ್ದು ಎಂದ. ಚಪ್ಪಾಳೆ ಬಿತ್ತು. ಸೊಸೆ ಅರವತ್ತೆರಡು ಮಕ್ಕಳ ಮಾತು ಹೇಳಿದಳು. ಅವಳಿಗೂ ಚಪ್ಪಾಳೆ ಬಿತ್ತು. ಗಂಡಹೆಂಡತಿ ಎದುರುಬದುರು ನಿಂತದ್ದು ನೋಡಿ, ಇವತ್ತು ಇವರ ಮನೇಲಿ ಅಡುಗೆ ಯಾರು ಮಾಡ್ತಾರೋ ಎಂದು ಹಿಂದಿನಿಂದ ಯಾರೋ ಅಂದು ನಗಿಸಿದರು.

ಆಮೇಲೆ ಅಪ್ಪ ಎದ್ದರು. ಮೈಕು ಹಿಡಿಯಲಿಲ್ಲ. ಅವರ ದನಿ ಕೇಳಲು ಜನ ತಾವಾಗಿಯೇ ಸುಮ್ಮನಾದರು.

"ಮೇಲಿನ ಬಡಾವಣೆಗೆ ಹೋಗೋ ಪೈಪು ಮೂರಿಂಚಿಂದು. ನಲವತ್ತು ಮನೆಗೆ ಅಂತ ಹಾಕಿದ್ದು, ನಾನೇ ನಿಂತು ಹಾಕಿಸಿದ್ದು. ಈಗ ಅದರ ಮೇಲೆ ಇನ್ನೂರ ಅರವತ್ತು ಮನೆ. ನನ್ನ ಮಗ ಅಲ್ಲಿ ಮೊದಲನೇ ಸಾಲು ಕಟ್ಟಿದಾಗ, ನೀರು ಸಾಕಾಗುತ್ತಾ ಅಂತ ಆಗಿನ ಇಂಜಿನಿಯರ್ ಸಾಹೇಬ್ರು ನನ್ನ ಕೇಳಿದ್ರು. ಸಾಕಾಗಲ್ಲ ಅಂತ ನನಗೆ ಗೊತ್ತಿತ್ತು. ಹುಡುಗನ ಮೊದಲ ಕೆಲಸ. ನಿಂತು ಹೋಗುತ್ತಲ್ಲ ಅಂತ, ಸಾಕಾಗುತ್ತೆ ಸಾರ್, ನಾನು ನೋಡ್ಕೋತೀನಿ ಅಂದೆ. ನನ್ನ ಮಾತಿನ ಮೇಲೆ ಅವರು ಸಹಿ ಹಾಕಿದ್ರು."

ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಹೇಗೆ ನೋಡ್ಕೊಂಡೆ ಅಂದ್ರೆ, ಒಂದು ಬೀದಿ ನೀರು ನಿಲ್ಲಿಸಿ ಇನ್ನೊಂದಕ್ಕೆ ಬಿಡೋದು. ಆಗ ಆ ಸಾಲಿಗೆ ಮಧ್ಯಾಹ್ನ ಮೂರರಿಂದ ನಾಲ್ಕು. ಆ ದಿನಾನೂ ನಾಲ್ಕಕ್ಕೆ ಮುಚ್ಚಿದೆ. ಐದೂ ಕಾಲಿಗೆ ಬೆಂಕಿ ಬಿತ್ತು. ಬೆಂಕಿ ಆರಿಸೋ ಗಾಡಿ ಬಂತು, ಟ್ಯಾಂಕಲ್ಲಿದ್ದ ನೀರು ಐದು ನಿಮಿಷಕ್ಕೆ ಮುಗೀತು. ಮೂಲೆ ನಲ್ಲಿಗೆ ಪೈಪು ಹಚ್ಚಿ ತಿರುಗಿಸಿದ್ರು. ಗಾಳಿ ಬಂತು. ಬರೀ ಗಾಳಿ. ನಾನು ಓಡಿಹೋಗಿ ವಾಲ್ವ್ ತೆಗೆದೆ. ಆದ್ರೆ ಏರಿನ ಮೇಲೆ ಖಾಲಿ ಪೈಪು ತುಂಬಬೇಕಲ್ಲ."

ಅಧ್ಯಕ್ಷೆ ನೀರಿನ ಲೋಟ ಮುಂದೆ ಸರಿಸಿದರು. ಅಪ್ಪ ಮುಟ್ಟಲಿಲ್ಲ.

"ವೈರಿಂದ ಬೆಂಕಿ ಅಂತ ವರದಿ ಬಂತು. ನೀರಿನ ವಿಷಯ ನನ್ನನ್ನ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಹಾಗಾದ್ರೆ ಶುಲ್ಕ ಹಾಕ್ಬೇಕು ಅಂತೀರಾ?" ಒಬ್ಬ ಸದಸ್ಯ ಕೇಳಿದ.

"ಯಾರ ಹತ್ರ ಎಷ್ಟು ತಗೋಬೇಕು ಅನ್ನೋದು ನಿಮ್ಮ ತಲೆನೋವು ಸ್ವಾಮಿ. ನನ್ನ ಮಗಳೂ ಆ ಶುಲ್ಕ ಕಟ್ಟಲಾರಳು. ಆದ್ರೆ ಮೊದಲು ಪೈಪು, ಆಮೇಲೆ ಮನೆ. ನಾನು ನೋಡ್ಕೋತೀನಿ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಮಧ್ಯಾಹ್ನ ಮನೆಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಅಷ್ಟೇ. ಸೊಸೆ ಮಾವನ ತಟ್ಟೆಗೆ ಎರಡನೇ ಮೊಟ್ಟೆ ಹಾಕಿದಳು. ಅವರು ಬೇಡವೆನ್ನಲಿಲ್ಲ, ತಿನ್ನಲೂ ಇಲ್ಲ. ಊಟವಾದ ಮೇಲೆ ಮೇಸ್ತ್ರಿ ಎಂದೂ ಇಲ್ಲದವನು ಪಾತ್ರೆ ತೊಳೆಯಲು ನಿಂತ. ಅಪ್ಪ ಪಕ್ಕದಲ್ಲಿ ನಿಂತು ಒರೆಸತೊಡಗಿದರು.

"ನನಗೆ ಹೇಳ್ಬಹುದಿತ್ತು" ಎಂದ ಮಗ.

"ಹೇಳಿದ್ರೆ?"

"ಗೊತ್ತಿಲ್ಲ."

"ಆಗ ನೀನು ಸಾಲ ತಂದು ಇಟ್ಟಿಗೆ ಇಳಿಸಿದ್ದೆ. ನಿಲ್ಲಿಸ್ತಿದ್ದೆಯಾ?"

ಮೇಸ್ತ್ರಿ ಒಂದೇ ಲೋಟವನ್ನು ಬಹಳ ಹೊತ್ತು ಉಜ್ಜಿದ. "ನಿಲ್ಲಿಸ್ತಿರಲಿಲ್ಲ" ಎಂದ. "ನೀರು ಕಡಿಮೆ ಅಂತ ಆ ಟೈಲರಮ್ಮ ನನಗೆ ಎರಡು ಸಲ ಫೋನ್ ಮಾಡಿದ್ಲು ಅಪ್ಪ. ನಮ್ಮಪ್ಪನೇ ನೀರುಗಂಟಿ, ಯಾಕೆ ಹೆದರ್ತೀಯಾ ಅಂತ ನಗಾಡಿದ್ದೆ."

ಅಪ್ಪ ಅವನ ಕೈಯಿಂದ ಲೋಟ ತೆಗೆದುಕೊಂಡು ಒರೆಸಿದರು. ಮಗ ಆ ನಾಲ್ಕನೇ ನಂಬರಿನ ಮನೆಯೊಳಗೆ ಕಾಲಿಡದಿರುವುದು ಯಾಕೆಂದು ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಆಗ ತಿಳಿಯಿತು.

ಮೂರು ವಾರದ ನಂತರ ಪುರಸಭೆ ನಿರ್ಧಾರ ಪ್ರಕಟಿಸಿತು. ಶುಲ್ಕ ಇರುತ್ತದೆ; ಚಿಕ್ಕ ಮನೆಗೆ ಅರ್ಧ, ದೊಡ್ಡದಕ್ಕೆ ಪೂರ್ತಿ. ಮೇಲಿನ ಬಡಾವಣೆಗೆ ದಪ್ಪ ಪೈಪು ಹಾಕುವವರೆಗೆ ಅಲ್ಲಿ ಹೊಸ ಪರವಾನಗಿ ಇಲ್ಲ. ಅಲ್ಲೇ ಇದ್ದ ಮೇಸ್ತ್ರಿಯ ಹೊಸ ಸಾಲು ಪಾಯದಲ್ಲೇ ನಿಂತಿತು. ಇಬ್ಬರು ಕೆಲಸದವರನ್ನು ಅವನು ಬೇರೆಯವರ ಬಳಿಗೆ ಕಳಿಸಿದ. ಸೊಸೆಯ ಶಾಲೆಗೆ ಎರಡು ಕೋಣೆ ಎಂದು ಕಾಗದದಲ್ಲಿ ಬಂತು, ಆದರೆ ಮಕ್ಕಳು ಇನ್ನೂ ಕಾರಿಡಾರಿನಲ್ಲೇ ಕೂರುತ್ತಿದ್ದರು. ಗೆದ್ದೆ ಎಂದು ಅವಳೂ ಹೇಳಲಿಲ್ಲ.

ಮಗಳು ಮೂರು ಕಡೆ ಬಾಡಿಗೆ ಮನೆ ನೋಡಿದಳು. ಯಾವುದೂ ಕೈಗೆಟುಕಲಿಲ್ಲ. ನಾಲ್ಕನೇ ದಿನ ಡ್ಯೂಟಿ ಮುಗಿಸಿ ನೇರ ತವರಿಗೆ ಬಂದಳು.

"ಅಪ್ಪ, ನಾಲ್ಕನೇ ನಂಬರಿಗೆ ಹೋಗ್ತೀನಿ. ನೀವು ಬೇಡ ಅನ್ನಬೇಡಿ. ಯಾರಾದ್ರೂ ಒಬ್ಬರು ಇರ್ಲೇಬೇಕಲ್ಲ ಆ ಮನೇಲಿ."

"ಆ ಟೈಲರಮ್ಮನ ತಾಯಿ ಇದಾರೆ" ಎಂದರು ಅಪ್ಪ. "ಆ ಸಾಲಿನ ಹಿಂದಿನ ಬೀದೀಲಿ. ಅವರನ್ನ ಒಂದು ಮಾತು ಕೇಳ್ಬೇಕು."

"ನೀವೂ ಬನ್ನಿ."

"ಬರ್ತೀನಿ" ಎಂದರು ಅಪ್ಪ. ಆದರೆ ಶನಿವಾರ ಹೊರಡುವಾಗ ಬಾಗಿಲಲ್ಲಿ ಎಷ್ಟು ಹೊತ್ತು ನಿಂತರೆಂದರೆ, ಅಮ್ಮ ಬಂದು ಅವರ ಅಂಗಿಯ ಕಾಲರು ಸರಿಮಾಡಿ, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದೆ ತಳ್ಳಬೇಕಾಯಿತು.

ಟೈಲರಮ್ಮನ ತಾಯಿ ಒಂದೇ ಕೋಣೆಯ ಮನೆಯಲ್ಲಿದ್ದಳು. ಅಂಗಡಿಯವರು ಕೊಟ್ಟ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದವಳು ಇವರನ್ನು ಕಂಡು ಬಟ್ಟೆಯ ರಾಶಿ ಪಕ್ಕಕ್ಕೆ ಸರಿಸಿ ಚಾಪೆ ಹಾಸಿದಳು. ಯಾರೆಂದು ಕೇಳಲಿಲ್ಲ. ಸ್ಟೌ ಹಚ್ಚಿ ಚಹಾಕ್ಕಿಟ್ಟಳು.

"ನಿಮ್ಮನ್ನ ಕೇಳದೆ ಆ ಮನೆಗೆ ಹೋಗೋಕೆ ನನಗೆ ಮನಸ್ಸು ಬರ್ಲಿಲ್ಲ" ಎಂದಳು ಮಗಳು.

"ಅದು ನಮಗೆ ಬಾಡಿಗೆ ಮನೆ, ತಾಯಿ. ನಮ್ಮನ್ನ ಕೇಳೋಕೆ ಏನಿದೆ." ಅವಳು ಚಹಾ ಸೋಸಿದಳು. "ಮಕ್ಕಳಿದಾರಾ?"

"ಇಬ್ಬರು."

"ಹೋಗು. ಕಿಟಕಿ ತೆಗೆದಿಡು. ಅದು ಮುಚ್ಚೇ ಇರುತ್ತಲ್ಲ, ನಾನು ಅಂಗಡಿಗೆ ಹೋಗ್ಬೇಕಾದ್ರೆ ಸುತ್ತು ಹಾಕ್ಕೊಂಡು ಹೋಗ್ತೀನಿ."

ಅಪ್ಪ ಲೋಟ ಹಿಡಿದುಕೊಂಡು ಕೂತಿದ್ದರು. "ಅಮ್ಮ, ಸಭೇಲಿ ನಾನು..."

"ಹೇಳಿದ್ರು ಯಾರೋ."

"ನಾಲ್ಕಕ್ಕೆ ಮುಚ್ಚಿದ್ದು ನಾನೇ."

"ನಿಮ್ಮನ್ನ ಆ ದಿನ ನೋಡಿದ್ದೆ" ಎಂದಳು ಅವಳು. "ಕಬ್ಬಿಣದ ಕೀಲಿ ಹೊತ್ಕೊಂಡು ಇಳಿಜಾರಲ್ಲಿ ಓಡ್ತಿದ್ರಿ. ಒಂದು ಕಾಲಲ್ಲಿ ಚಪ್ಪಲಿ ಇರ್ಲಿಲ್ಲ."

"ಓಡಿದೆ. ನೀರು ಬರ್ಲಿಲ್ಲ."

"ಬಂತು."

ಅಪ್ಪ ತಲೆ ಎತ್ತಿದರು. ವಾಲ್ವ್ ತೆಗೆದ ಜಾಗದಲ್ಲೇ ಅವರು ಕುಸಿದು ಕೂತಿದ್ದರು, ಯಾರೋ ಆಟೋದಲ್ಲಿ ಮನೆಗೆ ತಂದು ಬಿಟ್ಟಿದ್ದರು. ಆಮೇಲೆ ಏರಿನ ಮೇಲೆ ಏನಾಯಿತೆಂದು ಅವರು ಯಾರನ್ನೂ ಕೇಳಿರಲಿಲ್ಲ.

"ಆರೂ ಹತ್ತಕ್ಕೆ ಬಂತು. ಅಷ್ಟರಲ್ಲಿ ಬೆಂಕಿ ತಾನೇ ಇಳಿದಿತ್ತು. ಅವಳನ್ನ ತಂದು ಬೀದೀಲಿ ಮಲಗಿಸಿದ್ರು. ಮೈ ಸುಟ್ಟಿರ್ಲಿಲ್ಲ, ಮುಖವೆಲ್ಲ ಮಸಿ. ಯಾರ ಮನೇಲೂ ಒಂದು ಚೆಂಬು ನೀರಿಲ್ಲ, ಇದ್ದಬದ್ದದ್ದೆಲ್ಲ ಬೆಂಕಿಗೆ ಸುರಿದಿದ್ರು. ಆಂಬುಲೆನ್ಸಿನವರು ಎತ್ತೋಕೆ ಬಂದ್ರು. ಮಗಳನ್ನ ಹಾಗೆ ಹೇಗೆ ಕಳಿಸ್ಲಿ? ಸ್ವಲ್ಪ ಇರಿ, ಸ್ವಲ್ಪ ಇರಿ ಅಂತಿದ್ದೆ. ಆಗ ನಲ್ಲಿ ಬಂತು." ಅವಳು ಸೀರೆಯ ಸೆರಗಿನಿಂದ ಲೋಟದ ಅಂಚು ಒರೆಸಿದಳು. "ಆ ನೀರಲ್ಲೇ ಮುಖ ತೊಳೆದೆ. ಕೈ ತೊಳೆದೆ, ಕೂದಲು ತೊಳೆದೆ. ಧಾರಾಳವಾಗಿ ಬಂತು. ಯಾರೂ ನಿಲ್ಲಿಸ್ಲಿಲ್ಲ."

ಸ್ಟೌ ಇನ್ನೂ ಉರಿಯುತ್ತಿತ್ತು. ಮಗಳು ಕೈ ಚಾಚಿ ಅದನ್ನು ಆರಿಸಿದಳು.

"ಎಷ್ಟು ಹೊತ್ತಿನವರೆಗೆ ಬಂತು?" ಎಂದು ಅಪ್ಪ ಕೇಳಿದರು.

"ಅವಳ ಮುಖ ಬೆಳ್ಳಗಾಗೋವರೆಗೂ ಬಂತು" ಎಂದಳು ಅವಳು. "ಆಮೇಲೂ ಬರ್ತಾನೇ ಇತ್ತು."